ಬಣ್ಣಕ್ಕೆ ಮೊದಲು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಓಣಿ,
ಕರಿಮೆಣಸಿನ ಮಂಡಿಯ ಮೇಲೆ ಒಂದು ಕೋಣೆ.
ಹತ್ತಡಿಗೆ ಹನ್ನೆರಡು. ಕಿಟಕಿ ಒಂದೇ.
ಇಪ್ಪತ್ತೊಂದು ವರ್ಷ ಹಾಸ್ಟೆಲಿನ ವಾರ್ಡನ್ ಆಗಿದ್ದವಳಿಗೆ
ಸರಕಾರ ಬಳಿದ ಗೋಡೆ ಬಿಟ್ಟು ಬೇರೆ ಗೊತ್ತಿಲ್ಲ:
ಸೊಂಟದೆತ್ತರಕ್ಕೆ ಚಾಕೊಲೇಟು, ಮೇಲೆ ಮಾಸಲು ಹಳದಿ,
ನಡುವೆ ಕರಿಗೆರೆ, ಗೆರೆಯ ಮೇಲೆ
ಬೆನ್ನೊರಗಿಸಿ ಓದಿದ ಹುಡುಗಿಯರ ಎಣ್ಣೆಕಲೆ.

ಈಗ ನಾಲ್ಕು ಗೋಡೆ ನನ್ನ ಮುಖ ನೋಡುತ್ತವೆ
ಜೂನ್ ತಿಂಗಳ ಮೊದಲ ದಿನದ ಮಕ್ಕಳ ಹಾಗೆ:
ನಮಗೆ ಯಾವ ಮಂಚ, ಮಿಸ್?

ಚೋಂದಮ್ಮ ಟೀಚರ್ ಬಂದು ನಡುವೆ ನಿಂತು ಹೇಳಿದಳು:
"ಬಾಗಿಲು ತೆಗೆದವರ ಕಣ್ಣು ಮೊದಲು ಎಲ್ಲಿ ಕೂರಬೇಕು,
ಅದನ್ನು ತೀರ್ಮಾನಿಸು. ಉಳಿದದ್ದು ಹಿಂದೆಯೇ ಬರುತ್ತೆ.
ಪೀಚೆಕತ್ತಿ ಹಾಕು, ಅಡ್ಡಲಾಗಿ ಎರಡು."
ನಮ್ಮವರು ಕತ್ತಿ ಕಟ್ಟಿದವರಲ್ಲ ಚೋಂದಮ್ಮ,
ಕಟ್ಟಿದವರ ಕುಪ್ಯ ಒಗೆದವರು.
"ಹಾಗಾದರೆ ಬಿಳಿ ಹೊಡೆಸಿಬಿಡು."
ಬೇಡ. ನನ್ನಜ್ಜಿ ಒಂದು ಆಯುಷ್ಯದಷ್ಟು ಬಿಳಿ ಒಗೆದಿದ್ದಾಳೆ.

ಪೇಂಟರ್ ಹಂಸ ಏಣಿ ಹೊತ್ತು ಬಂದ.
ಹೆಸರು ಹಂಸ; ಮೈಮೇಲೆ ಜಗತ್ತಿನ ಬಣ್ಣವೆಲ್ಲ,
ಬಿಳಿಯೊಂದು ಬಿಟ್ಟು.
"ಕಾರ್ಡಿನಲ್ಲಿ ಸಾವಿರ ಬಣ್ಣ ಉಂಟು ಮಿಸ್ಸೇ,
ನೋಡಿದರೆ ತಲೆ ತಿರುಗುವುದು.
ಈ ಕೋಣೆ ಬಿಟ್ಟರೂ ಬಿಡದ ಸಾಮಾನು ಒಂದು ತೋರಿಸಿ.
ಅದರಿಂದ ಬಣ್ಣ ಹಿಡಿಯುವ."

ಟ್ರಂಕು ತೆರೆದೆ.
ಸೀಟಿ. ಬೀಗದ ಕೈ ಗೊಂಚಲು (ಒಪ್ಪಿಸಬೇಕಿತ್ತು, ಒಪ್ಪಿಸಲಿಲ್ಲ).
ಬೀಳ್ಕೊಡುಗೆಯ ಶಾಲು ಎರಡು, ಎರಡೂ ಒಂದೇ ಅಂಗಡಿಯವು.
ತಳದಲ್ಲಿ, ಹಳೆ ಸೀರೆಯ ತುಂಡು ಸುತ್ತಿಕೊಂಡ ಬಾಟಲಿ:
ಅಡುಗೆಯ ಪಾರು ಹೊರಡುವ ದಿನ ಕೈಗಿಟ್ಟ ಕಾಚಂಪುಳಿ.
"ಒಬ್ಬಳಿಗೆ ಮೂರು ವರ್ಷ ಬರುತ್ತೆ" ಅಂದಿದ್ದಳು.

ಇದು ಸಾಮಾನಲ್ಲ, ಹುಳಿ, ಎಂದೆ.
ಹಂಸ ಕಿಟಕಿಗೆ ಹಿಡಿದ. ಕಪ್ಪು.
ಬೆಳಕು ಬಂದು ಮೂಸಿ ಹಿಂದಕ್ಕೆ ಹೋಗುವಂಥ ಕಪ್ಪು.
ಆಮೇಲೆ ಮೆಲ್ಲಗೆ ವಾಲಿಸಿದ.
ಗಾಜಿನ ಕುತ್ತಿಗೆಗೆ ಒಂದು ಪೊರೆ ಅಂಟಿ
ಮನಸ್ಸಿಲ್ಲದೆ ಇಳಿಯಿತು. ಇಳಿವಾಗ ಅದಕ್ಕೊಂದು ಬಣ್ಣ,
ಜೇನಿಗೆ ಹೆಚ್ಚು, ಇಟ್ಟಿಗೆಗೆ ಕಡಿಮೆ;
ರಾತ್ರಿ ಹತ್ತಕ್ಕೆ ಬೀಗ ಹಾಕಲು ಹೋದಾಗ
ಪಾರುವಿನ ಒಲೆಯಲ್ಲಿ ಕೊನೆಯ ಕೆಂಡ
ಬೂದಿಯೊಳಗಿಂದ ನನ್ನನ್ನು ನೋಡುತ್ತಿತ್ತಲ್ಲ, ಅದು.
"ಸಿಕ್ಕಿತು" ಅಂದ ಹಂಸ.

ಸಿಕ್ಕಿದ್ದು ಎಲ್ಲಿ! ಮೂರು ದಿನ ಬಕೆಟ್ಟಿನಲ್ಲಿ ಕಲಸಿದ.
ಮೊದಲ ಪಟ್ಟಿ ಕುರಿಯ ಲಿವರ್.
ಎರಡನೆಯದು ಸಹಕಾರಿ ಬ್ಯಾಂಕು.
ಮೂರನೆಯದು ಒಣಗಿದ ಮೇಲೆ ಅದೇ ಹಾಸ್ಟೆಲಿನ ಚಾಕೊಲೇಟು:
ನಾನು ನಕ್ಕೆ, ಅವನು ನಗಲಿಲ್ಲ.
ಒಂದು ಬೆರಳು ಬಣ್ಣಕ್ಕೆ, ಒಂದು ಹುಳಿಗೆ ಅದ್ದಿ
ಪಕ್ಕಪಕ್ಕ ಹಿಡಿದು ನೋಡಿ ನೋಡಿ
ತಪ್ಪು ಬೆರಳು ನೆಕ್ಕಿದ.
ಐದನೆಯದು ನಿಂತಿತು. ಕಿಟಕಿಯೆದುರಿನ ಗೋಡೆ ಒಂದಕ್ಕೇ.
"ಉಳಿದ ಮೂರು ಸುಮ್ಮನಿರಲಿ,
ಒಬ್ಬಳು ಮಾತಾಡುವಾಗ."
ಆ ಶಿಸ್ತು ನನಗೆ ಗೊತ್ತು.

ಆಮೇಲೆ ಸಾಮಾನಿಗೆ ದಾರಿ ತಿಳಿಯಿತು.
ಕಾಫಿ ಬುಡದ ಟೀಪಾಯಿ ತನ್ನ ಮೂಲೆ ಹುಡುಕಿಕೊಂಡಿತು,
ಬೆತ್ತದ ಕುರ್ಚಿ ಗೋಡೆಗೆ ಮುಖ ಕೊಟ್ಟಿತು,
ಶಾಲುಗಳಲ್ಲೊಂದು ಪರದೆಯಾಯಿತು,
ಸೀಟಿಗೂ ಒಂದು ಮೊಳೆ.

ಚೋಂದಮ್ಮ ಬಾಗಿಲು ತೆಗೆದಳು. ನಾನು ಅವಳ ಕಣ್ಣು ನೋಡುತ್ತಿದ್ದೆ.
ಅವಳು ಕಣ್ಣು ಮುಚ್ಚಿಕೊಂಡಳು:
"ಮೀನು ಮಾಡಿದ್ದೀಯ? ಕಾಚಂಪುಳಿ ಹಾಕಿ?"

ಬಾಟಲಿಯ ಮಟ್ಟ ಈಗ ಚೀಟಿಯ ಕೆಳಗಿದೆ.
ಶುಕ್ರವಾರ ಮಂಡಿಯ ಹುಡುಗರಿಬ್ಬರು,
ಮೊನ್ನೆ ಹಂಸ, ಅವನ ಮಗಳು.
ಪಾರು ಲೆಕ್ಕ ಹಾಕಿದ್ದು ಒಬ್ಬಳಿಗೆ.
ಹೀಗೇ ಹೋದರೆ
ಹುತ್ತರಿಗೆ ಮೊದಲೇ ಮುಗಿಯುತ್ತದೆ.